ನನ್ನ ಸಾಗು, ಮೊಮ್ಮಗಳ ಕಾರು

ನನ್ನ ಮೊಮ್ಮಗಳಿಗೆ ಕಾರು ಮಾಡುವ ಕಂಪನಿಯಲ್ಲಿ ಕೆಲಸ ಕಾಯಂ ಆಯಿತು! ಹೊಸ ಕಾರು ಹೇಗಿರಬೇಕು ಎಂದು ಯೋಚಿಸುವವರ ಜೊತೆಗೇ ಕುರ್ಚಿ ಕೊಟ್ಟಿದ್ದಾರೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಬೆಳಗ್ಗೆಯಿಂದ ಸಹಕಾರನಗರದ ನಮ್ಮ ಬೀದಿಯಲ್ಲಿ ಹಾಲಿನವನನ್ನೂ ಬಿಡದೆ ಹೇಳಿಬಂದೆ. ಹೇಳುವಾಗಲೆಲ್ಲ ಒಳಗೊಂದು ಮುಳ್ಳು ಆಡುತ್ತಿತ್ತು. ಸುದ್ದಿ ತಿಳಿಸಿದ್ದು ಅವಳಲ್ಲ, ಅವಳಪ್ಪ, ನನ್ನ ದೊಡ್ಡ ಮಗ. ಅವಳು ನನ್ನೊಡನೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು.

ತಪ್ಪು ನನ್ನದೇ. ಚಿಕ್ಕ ಮಗ ಕಾರು ಕೊಳ್ಳುವಾಗ, "ಬೀದಿಗೆ ನಾಲ್ಕು ಅದೇ ಕಾರು ನಿಂತವೆ, ಅದನ್ನೇ ತಗೋ" ಎಂದು ಹಟ ಹಿಡಿದವಳು ನಾನು. ಮೊಮ್ಮಗಳು ಆಗ ಕೆಲಸ ಕಲಿಯುತ್ತಿದ್ದ ಕಂಪನಿಯದೇ ಕಾರು. ಬಾನೆಟ್ಟಿನ ಅರಿಶಿನ ಕುಂಕುಮ ಮಾಸುವ ಮೊದಲೇ ಅದೇ ಹೆಸರಿನ ಹೊಸ ಕಾರು ಬೇರೆ ಮುಖ ಹೊತ್ತು ರಸ್ತೆಗಿಳಿಯಿತು. ಮನೆ ತುಂಬ ನೆಂಟರಿದ್ದ ದಿನ ಅವಳನ್ನು ನಿಲ್ಲಿಸಿ ಕೇಳಿದೆ.

"ನಿಂಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ. ಹೇಳೋ ಹಾಗಿರ್ಲಿಲ್ಲ."

"ಮನೆಯವ್ರಿಗೂನಾ? ಇಷ್ಟ್ ಚೆನ್ನಾಗ್ ಮಾರೋ ಕಾರನ್ನ ಯಾರಾದ್ರೂ ಬದಲಾಯಿಸ್ತಾರೇನೇ? ಹಳೇದನ್ನ ನಮ್ ತಲೆಗೆ ಕಟ್ದೆ, ಕಳ್ಳಿ!"

ಅಷ್ಟು ಜನರೆದುರು ಕಳ್ಳಿ ಎಂದೆ. ಅವಳು ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಈ ದಿನ ಮಧ್ಯಾಹ್ನ ಆಟೋ ಹಿಡಿದು ಆರ್.ಟಿ. ನಗರದ ದೊಡ್ಡ ಮಗನ ಮನೆಗೆ ಹೋದೆ. ಬಾಗಿಲು ತೆಗೆದವಳು ಅವಳೇ.

"ಬೈಯೋಕ್ ಬಂದಿಲ್ಲ ಕಣೇ. ಯಾಕ್ ಬದಲಾಯಿಸಿದ್ರು ಅಂತ ಅವತ್ತು ಕೇಳಿಸ್ಕೊಳ್ಳಲೇ ಇಲ್ಲ. ಈಗ ಹೇಳು."

ನೀರು ತಂದುಕೊಟ್ಟು ಎದುರಿಗೆ ಕೂತಳು. "ಯಶವಂತಪುರದಲ್ಲಿ ನಿನ್ ದೋಸೆ ಗಾಡಿ ಇತ್ತಲ್ಲ, ಎದುರುಗಡೆ ಇನ್ನೊಂದ್ ಗಾಡಿ ಬಂದಾಗ ಏನ್ಮಾಡ್ದೆ?"

"ಸಾಗು ಬದಲಾಯಿಸ್ದೆ."

"ಹಳೇ ಸಾಗು ಖರ್ಚಾಗ್ತಿರ್ಲಿಲ್ವಾ?"

"ಒಂಬತ್ ಗಂಟೆಗೇ ಪಾತ್ರೆ ಖಾಲಿ! ಆದ್ರೂ ಗಿರಾಕಿ ಆ ಕಡೆ ದಾಟಿದ್ಮೇಲೆ ಬದಲಾಯಿಸಿ ಏನ್ ಬಂತು?"

"ನಾವೂ ಅಷ್ಟೇ. ಹೊಸ ಕಾರನ್ನ ಇನ್ನೆರಡು ವರ್ಷ ಬಿಟ್ಟು ತರೋದಿತ್ತು. ಬೇರೆ ಕಂಪ್ನಿಯವ್ರು ಜಾಸ್ತಿ ಏರ್‌ಬ್ಯಾಗ್ ಇರೋ ಕಾರ್ ತಂದ್ರು, ಜನ ಆ ಕಡೆ ಕತ್ತು ತಿರುಗಿಸಿದ್ರು. ನಿನ್ ಸಾಗು ಒಂದಿನಕ್ಕಾಗತ್ತೆ, ಕಾರಿಗೆ ವರ್ಷಗಟ್ಲೆ ಬೇಕು. ಮಾರಾಟ ಬಿದ್ಮೇಲೆ ಎದ್ರೆ ಆಗಲ್ಲ ಅಜ್ಜಿ."

"ಸರಿ, ಮುಂಚೇನೇ ಹೇಳೋಕೇನಿತ್ತು?"

"ಸೋಮವಾರದಿಂದ ಹೊಸ ಸಾಗು ಅಂತ ನೀನ್ ಹೇಳಿದ್ಯಾ?"

ಹೇಳಿರಲಿಲ್ಲ. ಹೇಳಿದ್ದರೆ ಭಾನುವಾರದವರೆಗೆ ಹಳೆಯದನ್ನು ಯಾರು ತಿನ್ನುತ್ತಿದ್ದರು? "ನಿಮ್ ತಾತಂಗೂ ಗುಟ್ಟು ಬಿಟ್ಟಿರ್ಲಿಲ್ಲ ಕಣೇ" ಎಂದೆ. ನಾನು ಮಾಡಿದರೆ ಜಾಣತನ, ಅವಳು ಮಾಡಿದರೆ ಕಳ್ಳತನ! ನೀರಿನ ಲೋಟ ಕೆಳಗಿಟ್ಟೆ.

"ಎಲ್ರ ಮುಂದೆ ಅಂದಿದ್ದು, ಎಲ್ರ ಮುಂದೇನೇ ತಪ್ಪಾಯ್ತು ಅಂತೀನಿ. ಸಾಯಂಕಾಲ ಬರ್ತೀಯಾ?"

"ನೋಡೋಣ" ಎಂದಳಷ್ಟೆ.

ಅವತ್ತಿದ್ದ ನೆಂಟರನ್ನೆಲ್ಲ ಕರೆಸಿದೆ. ಏಳು ಗಂಟೆಗೆ ಅವಳು ಅಪ್ಪನ ಹಿಂದೆ ಒಳಗೆ ಬಂದಳು. ನಾನು ಎದ್ದು ನಿಂತೆ. "ಇವಳು ನಿಯತ್ತಿನವಳು. ನನ್ ಬಾಯೇ ಕೆಟ್ಟದ್ದು. ತಪ್ಪಾಯ್ತು ಕಣವ್ವ" ಎಂದೆ.

ಚಿಕ್ಕ ಮಗ ಅವಳತ್ತ ಬಾಗಿದ. "ಮುಂದಿನ ಕಾರ್ ಯಾವಾಗಮ್ಮ? ನನ್ ಕಿವೀಲಿ ಮಾತ್ರ ಹೇಳು."

"ಹೋಗಿ ಚಿಕ್ಕಪ್ಪ! ಅಜ್ಜಿ ತಾತಂಗೇ ಹೇಳಿಲ್ಲ, ನಾನ್ ನಿಮಗ್ ಹೇಳ್ತೀನಾ?" ಎಂದು ನಕ್ಕು, ನನ್ನ ಪಕ್ಕದಲ್ಲೇ ಬಂದು ಕೂತಳು.

ಊಟಕ್ಕೆ ಅವರೆಕಾಳಿನ ಸಾರು, ಬಿಸಿ ಮುದ್ದೆ. ಅಷ್ಟು ಜನಕ್ಕೆ ಮುದ್ದೆ ಸಾಲದೆ ಸೊಸೆ ಮತ್ತೆ ಎಸರಿಟ್ಟಳು. ಎಂಜಲು ಕೈಯಲ್ಲೇ ಮಾತಾಡುತ್ತ ಕಾದೆವು, ಒಬ್ಬರೂ ಏಳಲಿಲ್ಲ.