ಭೂಮಿ ಕಾಯಿಸಿದ ನೀರು

ನೀವು ನಂಬಲ್ಲ, ಮೊನ್ನೆ ಬೆಳಿಗ್ಗೆ ಮಾರನಹಳ್ಳಿಯ ಚಳಿಗೆ ನಮ್ಮ ಹುಂಜ ಕೂಗನ್ನು ಅರ್ಧಕ್ಕೇ ನುಂಗಿಬಿಟ್ಟಿತು. ಆದರೆ ಬಾವಿ ಮಾತ್ರ ಹಬೆಯಾಡುತ್ತಿತ್ತು! ಭೂಮಿಯ ಶಾಖವನ್ನು ಕರೆಂಟ್ ಮಾಡದೆ ನೇರವಾಗಿಯೇ ಬಳಸಬಹುದೆಂದು ಓದಿದ್ದೆ. ಇದನ್ನು ಸಾಬೀತು ಮಾಡಿದರೆ ಹಂಡೆ ಒಲೆಗೆ ದಿನಾ ಸೌದೆ ಒಡೆಯುವ ನನ್ನ ಕೆಲಸ ತಪ್ಪುತ್ತದೆ. ಹಟ ತೊಟ್ಟು ನೀರು ಸೇದಿ ತಲೆಗೇ ಸುರಿದುಕೊಂಡೆ. ನಿಜಕ್ಕೂ ಬೆಚ್ಚಗಿತ್ತು. ಆಮೇಲೆ ಗಾಳಿ ಬೀಸಿತು.

"ನಡುಗ್ತಾ ಇದೀಯಲ್ಲೋ!" ಅಕ್ಕ ನಕ್ಕಳು.

"ಚಳಿಗಲ್ಲ ಕಣೇ, ಖುಷಿಗೆ! ಭೂಮಿ ಒಳಗೇ ಒಲೆ ಐತೆ, ಇನ್ನು ಸೌದೆ ಯಾಕೆ?" ಎನ್ನುತ್ತಾ ಇನ್ನೊಂದು ಕೊಡ ಸುರಿದುಕೊಂಡೆ.

ಅಷ್ಟರಲ್ಲಿ ಅವ್ವ ಬಂದು ಕೊಡದಲ್ಲಿ ಬೆರಳದ್ದಿದಳು. "ಹೌದು ಕಣೋ, ಬೆಚ್ಚಗೈತೆ. ನೀನು ದಿನಾ ಇದ್ರಲ್ಲೇ ಸ್ನಾನ ಮಾಡು. ಈಗ ನಮ್ಗೆ ಸೌದೆ ಒಡ್ದಾಕು."

ಈಗ ಮನೆಮಂದಿಗೆಲ್ಲ ಹಂಡೆ ನೀರು, ನನಗೊಬ್ಬನಿಗೆ ಭೂಮಿಯ ಶಾಖ.