ಕಡಲೆ ಬೇರಿನ ಗಂಟು

ನನ್ನ ಅತ್ತೆಯವರ ಅರ್ಧ ಎಕರೆ ಕಡಲೆಯನ್ನು, ಹೂ ಬಿಡುವ ಹೊತ್ತಿಗೆ, ಬೇರುಸಮೇತ ಕೀಳಿಸಿದವಳು ನಾನು. ಆ ಗಿಡಗಳಿಗೆ ಯಾವ ರೋಗವೂ ಇರಲಿಲ್ಲ. ಅದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಒಪ್ಪಿಕೊಳ್ಳಬೇಕಾದದ್ದು ಮುಖ್ಯವಾಗಿ ಇದನ್ನೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆಗ ಮದುವೆಯಾದ ಹೊಸದು. ನಂಜನಗೂಡಿನಲ್ಲಿ ನಮ್ಮ ಮನೆ. ಭಾನುವಾರ ಹುಲ್ಲಹಳ್ಳಿ ಬಸ್ಸು ಹಿಡಿದು ಅತ್ತೆಯ ಊರಿಗೆ ಹೋಗುತ್ತಿದ್ದೆವು. ಹೊಲದ ಕೆಲಸ ನನಗೆ ಏನೂ ಬಾರದೆಂದು ಎಲ್ಲರಿಗೂ ಗೊತ್ತಿತ್ತು — ಅದೇ ನನ್ನ ಸಂಕಟ. ಒಂದು ದಿನ ಅತ್ತೆ ಬುಡದ ಒಂದೆರಡು ಎಲೆ ಹಳದಿಯಾಗಿದ್ದ ಒಂದು ಗಿಡ ಕಿತ್ತು, ಇದೇನು ನೋಡವ್ವ ಎಂದು ಕೈಗೆ ಕೊಟ್ಟರು. ಬೇರಿನ ತುಂಬ ಗಂಟು. ಎಂದೋ ಮೊಬೈಲಿನಲ್ಲಿ ನೋಡಿದ್ದ, ರೋಗ ಹತ್ತಿದ ಟೊಮೆಟೊ ಬೇರಿನ ಚಿತ್ರ ನೆನಪಾಯಿತು. ಕನ್ನಡಕ ಸರಿಮಾಡಿಕೊಂಡೆ.

"ಇದು ಬೇರುಗಂಟು ರೋಗ, ಅತ್ತೆ. ಕಿತ್ತುಹಾಕದಿದ್ರೆ ಇಡೀ ಹೊಲಕ್ಕೆ ಹಬ್ಬುತ್ತೆ."

ಅತ್ತೆ ಇನ್ನೊಂದು ಗಿಡ ಕಿತ್ತರು, ಅದರಲ್ಲೂ ಗಂಟು. ಮತ್ತೊಂದು — ಅದರಲ್ಲೂ. ಕಿತ್ತಷ್ಟೂ ನನ್ನ ಪಾಂಡಿತ್ಯವೇ ಸಾಬೀತಾಗುತ್ತಿತ್ತು. ಸಂಜೆಯೊಳಗೆ ಹೊಲ ಬೋಳಾಯಿತು.

ಪಕ್ಕದ ಹೊಲ ಅತ್ತೆಯ ತಮ್ಮ ನಂಜುಂಡಪ್ಪನವರದು. ಅವರ ಗಿಡದಲ್ಲೂ ಗಂಟಿತ್ತು. ಅವರು ಕೀಳಲು ಒಪ್ಪಲಿಲ್ಲ. ರೋಗ ಬಂದದ್ದೇ ನಿನ್ನ ಹೊಲದಿಂದ ಎಂದು ಅತ್ತೆ ಜಗಳ ತೆಗೆದರು. ತಮ್ಮನಿಗೆ ಒಳ್ಳೆಯ ಬೆಳೆ ಬಂದಾಗಲಂತೂ ಅತ್ತೆ, ಇದ್ದ ರೋಗವನ್ನೆಲ್ಲ ಅಕ್ಕನಿಗೆ ದಾಟಿಸಿ ತಾನು ಚೆನ್ನಾಗಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಅಕ್ಕತಮ್ಮನ ಮಾತು ನಿಂತಿತು.

ಅಷ್ಟರಲ್ಲಿ ನನಗೆ ನಿಜ ತಿಳಿದಿತ್ತು. ಎಲ್ಲಿ ಅಂತೀರಿ? ನನ್ನದೇ ತರಗತಿಯಲ್ಲಿ. ಬೋರ್ಡಿನ ಮೇಲೆ ಕಡಲೆ ಗಿಡದ ಬೇರು ಬರೆದು, ಈ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ ಎಂದು ಪ್ರತಿವರ್ಷದಂತೆ ಗಡಗಡ ಹೇಳುತ್ತಿದ್ದವಳು — ಸೀಮೆಸುಣ್ಣ ಹಿಡಿದು ಹಾಗೇ ನಿಂತೆ. ನಾನು ಬರೆಯುತ್ತಿದ್ದ ಗಂಟು ಯಾವಾಗಲೂ ದುಂಡಗೆ, ಗುಲಾಬಿ ಬಣ್ಣ. ಹೊಲದ್ದು ಸೊಟ್ಟಗೆ, ಮಣ್ಣು ಮೆತ್ತಿಕೊಂಡಿತ್ತು.

ಆಗಲೇ ಹೇಳಬಹುದಿತ್ತು. ಆದರೆ ಊರಿನವರು ನನಗೆ ಬದನೆ, ಬಾಳೆ ತೋರಿಸತೊಡಗಿದ್ದರು. ಒಬ್ಬರಂತೂ ಎಮ್ಮೆಯನ್ನೇ ಹಿಡಿದು ತಂದಿದ್ದರು. ಆ ಮರ್ಯಾದೆ ನನಗೆ ರುಚಿಸಿತ್ತು — ಅಷ್ಟೇ...

ವರ್ಷಗಳು ಕಳೆದವು. ನಂಜುಂಡಪ್ಪನವರ ಮಗಳ ಮದುವೆ ತಿ. ನರಸೀಪುರದಲ್ಲಿ ಆಯಿತು, ಸೋದರತ್ತೆ ಇಲ್ಲದೆ. ಆ ದಿನವಿಡೀ ಅತ್ತೆ ಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿದರು. ಯಾರಿಗೂ ಅಷ್ಟೊಂದು ಬೆಳ್ಳುಳ್ಳಿ ಬೇಕಿರಲಿಲ್ಲ.

ಹೋದ ತಿಂಗಳು ಕೊನೆಗೂ ಹೇಳಿದೆ. ಅತ್ತೆ ಬೈಯಲಿಲ್ಲ. ಒಳ್ಳೆಯ ಸೀರೆ ಉಟ್ಟು, ನಡಿ ಎಂದು ನನ್ನನ್ನೂ ತಮ್ಮನ ಮನೆಗೆ ಕರೆದುಕೊಂಡು ಹೋದರು. ಜಗಲಿಯ ಮೇಲಿದ್ದ ತಮ್ಮನ ಮುಖ ನೋಡದೆ ಅಂದರು:

"ನಿನ್ ಗಿಡಕ್ಕೆ ರೋಗ ಇರ್ನಿಲ್ವಂತೆ ಕಣೋ. ನಮ್ ಸೊಸೆ ಈಗ ಓದ್ಕಂಡವಳೆ."

ನಂಜುಂಡಪ್ಪನವರು ನನ್ನ ಕಡೆ ನೋಡಿ, ತುಟಿ ಬಿಗಿಹಿಡಿದು, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟರು. ಅತ್ತೆಯೂ ನಕ್ಕರು. ಕಾಫಿ ಬಂತು. ಆಮೇಲೆ ಅವರು ಮಗಳ ಮದುವೆಯ ಆಲ್ಬಮ್ ತಂದು ಅಕ್ಕನ ತೊಡೆಯ ಮೇಲಿಟ್ಟರು. ಅತ್ತೆ ಒಂದೊಂದೇ ಹಾಳೆ ತಿರುವುತ್ತಾ, ಧಾರೆಗೆ ಯಾರ್ಯಾರು ಬಂದಿದ್ದರು, ಹುಡುಗಿಗೆ ಜಡೆ ಹೆಣೆದವರು ಯಾರು ಎಂದು ಕೇಳುತ್ತಲೇ ಇದ್ದರು.

ನಾನು ಎದುರಿಗೇ ಕುಳಿತಿದ್ದೆ. ಕಾಫಿ ಆರಿಹೋಯಿತು.