ಗಿರಣಿಯ ಹೊಸ್ತಿಲಲ್ಲಿ ಕೂತ ಮಗಳು

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಎರಡು ಡ್ರಮ್ಮು ತುಂಬಿಸಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ನಮ್ಮವರ ನೀಲಿ ಅಂಗಿಗೆ ಗುಂಡಿ ಹೊಲಿದೆ. ಗ್ಯಾಸಿನವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಊಟವಾದ ಮೇಲೆ ಬೀರುವಿನ ಕೆಳಗಿನ ಅರೆಗೆ ಹೊಸ ಪೇಪರು ಹಾಸೋಣವೆಂದು ಸೀರೆಗಳನ್ನೆಲ್ಲ ಹೊರಗೆ ತೆಗೆದೆ. ತಳದಲ್ಲಿ ಕಂದು ರಟ್ಟಿನ ಉದ್ದನೆಯ ನೋಟ್‌ಬುಕ್ಕು ಇತ್ತು. ಬಿಡಿಸಿದರೆ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಸಣ್ಣಗೆ ನಶ್ಯದ ಘಾಟು. ಹಾಳೆಗಳ ಸಂದಿಯಲ್ಲಿ ಇನ್ನೂ ಕಂದು ಪುಡಿ ಕೂತಿತ್ತು. ಅಕ್ಷರ ನನ್ನದು. ನಶ್ಯ ಮೇಷ್ಟ್ರದು.

ಹಿನಕಲ್ಲಿನಲ್ಲಿ ನಮ್ಮಪ್ಪನ ಮನೆಯ ಮುಂಭಾಗದ ಎರಡು ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾಗಿದ್ದರು. ಹೆಂಡತಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮಧ್ಯಯುಗದ ಫ್ರಾನ್ಸಿನಲ್ಲಿ ಬದುಕಿದ್ದ ಒಬ್ಬ ಕೋಟೆಯ ಒಡೆಯನ ಮೇಲೆ ಕನ್ನಡದಲ್ಲಿ ಪುಸ್ತಕ ಬರೆಯುವುದೊಂದೇ ಅವರ ಹುಚ್ಚು. ಸ್ನೇಹಿತರೊಬ್ಬರು ಎರವಲು ಕೊಟ್ಟ ಎರಡು ದಪ್ಪ ಪುಸ್ತಕಗಳನ್ನು ಓದಿ, ಹಳೇ ಮದುವೆ ಕಾಗದಗಳ ಬೆನ್ನಿಗೆ ಕೋಳಿಕಾಲಿನಂಥ ಅಕ್ಷರದಲ್ಲಿ ಗೀಚುತ್ತಿದ್ದರು. ಅದನ್ನು ದುಂಡಗೆ ನಕಲು ಮಾಡುವ ಕೆಲಸ ನನ್ನದು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳಿಗೆ ಸಂಜೆ ಹೊತ್ತು ಹೋಗಬೇಕಿತ್ತು. ಮದುವೆಯಾಗಿ ಹೂಟಗಳ್ಳಿಗೆ ಬಂದ ಮೇಲೂ ಬಿಡಲಿಲ್ಲ. ಪ್ರತಿ ಗುರುವಾರ ತವರಿಗೆ ಹೋಗಿ ಬರೆದದ್ದು ತೋರಿಸಿ, ಮುಂದಿನ ಕಾಗದ ತರುತ್ತಿದ್ದೆ.

ಮೊದಲ ದಿನವೇ ಕೇಳಿದ್ದೆ, "ಫ್ರಾನ್ಸಲ್ಲೂ ಪಾಳೇಗಾರ ಇದ್ನಾ ಸಾರ್?" ಅಂತ.

"ಕೋಟೆ ಇತ್ತು, ಕುದುರೆ ಇತ್ತು, ಜಂಬ ಇತ್ತು. ಇನ್ನೇನ್ ಬೇಕಮ್ಮ ಪಾಳೇಗಾರ ಆಗೋಕೆ? ಬೇರೆ ಏನಾದ್ರೂ ಬರೆದ್ರೆ ನಮ್ಮೋರು ಪುಸ್ತಕ ಮುಚ್ಚಿಬುಡ್ತಾರೆ ಕಣಮ್ಮ."

ಹಾಗಾಗಿ ಅವನು ಪಾಳೇಗಾರನಾದ. ಅಲ್ಲಿನ ಪಾದ್ರಿಗಳ ಮಠ ಬರೀ ಮಠವಾಯಿತು. ನದಿಯ ಮೇಲಿನ ಗುಡ್ಡದಲ್ಲಿ ಅವನ ಕೋಟೆ. ಮೊದಲ ಹೆಂಡತಿ ಬಾಣಂತನದಲ್ಲಿ ಹೋದಳು. ಎರಡನೆಯವಳು ಪಕ್ಕದ ಸೀಮೆಯ ವಿಧವೆ. ಪಾಳೇಗಾರ ಜೆರುಸಲೇಮಿಗೆ ದಂಡಿನ ಜೊತೆ ಹೋದಾಗ ಆರು ವರ್ಷ ಕೋಟೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲವನ್ನೂ ನಡೆಸಿದವಳು. ಹಿರಿಮಗ ಕುದುರೆಯಿಂದ ಬಿದ್ದು ಸತ್ತ. ಇನ್ನಿಬ್ಬರು ಗಂಡುಮಕ್ಕಳು ಮನೆಯಲ್ಲಿದ್ದರು. ಮೊದಲ ಹೆಂಡತಿಯ ಮಗಳನ್ನು ಹದಿಮೂರಕ್ಕೇ ದೂರದ ಊರಿಗೆ ಕೊಟ್ಟಿದ್ದರು. ನನಗೆ ಆ ಮಗಳ ಮೇಲೇ ಕಣ್ಣು. ಪ್ರತಿ ವಾರ ಕೇಳುತ್ತಿದ್ದೆ, ಅವಳೇನಾದಳು ಸಾರ್... "ತಾಳಮ್ಮ, ಬರ್ತಾಳೆ" ಅನ್ನುತ್ತಿದ್ದರು.

ಬಂದದ್ದು ಕೊನೆಯ ನೋಟ್‌ಬುಕ್ಕಿನಲ್ಲಿ. ಪಾಳೇಗಾರನಿಗೆ ವಯಸ್ಸಾಗಿ ಸಾವಿನ ಭಯ ಹತ್ತಿತು. ಆತ್ಮಕ್ಕೆ ಒಳ್ಳೆಯದಾಗಲೆಂದು ನದಿ ಪಕ್ಕದ ಹೊಲವನ್ನೂ ನೀರಿನ ಗಿರಣಿಯನ್ನೂ ಮಠಕ್ಕೆ ಬರೆದುಕೊಟ್ಟ. ಅಲ್ಲಿ ಒಂದು ಪದ್ಧತಿ. ಒಡೆಯನೊಬ್ಬನೇ ಕೊಟ್ಟರೆ ಸಾಲದು, ಹೆಂಡತಿ ಮಕ್ಕಳು ಒಬ್ಬೊಬ್ಬರೂ ಎದುರಿಗೆ ನಿಂತು "ಒಪ್ಪಿದೆ" ಅನ್ನಬೇಕು. ಒಪ್ಪಿದವರಿಗೆ ಮಠದವರು ಏನಾದರೊಂದು ಕೈಗೆ ಕೊಡುತ್ತಿದ್ದರು. ಹೆಂಡತಿಗೆ ಒಂದು ನಿಲುವಂಗಿ. ಒಬ್ಬ ಮಗನಿಗೆ ಕಾಲಿಗೆ ಜೋಡು. ಇನ್ನೊಬ್ಬ ಚಿಕ್ಕವನು, ಅವನಿಗೆ ಒಂದು ಹಂದಿಮರಿ. ಅದನ್ನು ಬರೆಯುವಾಗ ನಾವಿಬ್ಬರೂ ನಕ್ಕೂ ನಕ್ಕೂ ಸುಸ್ತಾಗಿದ್ದೆವು.

ದೂರದಲ್ಲಿದ್ದ ಮಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಪ್ಪ ಸತ್ತ ಮೇಲೆ ಅವಳು ಬಂದಳು. ಗಿರಣಿಯ ಹೊಸ್ತಿಲ ಮೇಲೆ ಕೂತಳು. ನನ್ನನ್ನು ಕೇಳದೆ ಕೊಟ್ಟದ್ದು ಕೊಟ್ಟದ್ದಲ್ಲ, ಒಂದು ಹಿಡಿ ಕಾಳೂ ಬೀಸಕೂಡದು ಅಂದಳು. ಏಳು ದಿನ ಊರಿಗೆ ಹಿಟ್ಟಿಲ್ಲ. ಕೊನೆಗೆ ಮಠದವರೇ ಬಂದು, ಎರಡು ಹಸು ಮತ್ತು ವರ್ಷ ವರ್ಷ ಗೋಧಿ ಕೊಡುತ್ತೇವೆಂದು ಒಪ್ಪಿ, ಪತ್ರದಲ್ಲಿ ಅವಳ ಹೆಸರು ಸೇರಿಸಿದರು.

ಮೇಷ್ಟ್ರು ತೊಡೆ ತಟ್ಟಿದ್ದರು. "ಹೆಣ್ಣು ಅಂದ್ರೆ ಹಂಗಿರ್ಬೇಕು ಕಣಮ್ಮ!"

ಅವರ ಕೆಲಸದ ರೀತಿಯೊಂದಿತ್ತು. ನಾನು ನಕಲು ಮುಗಿಸಿದ್ದನ್ನು ನೋಡಿ ತಿದ್ದಿದ ತಕ್ಷಣ ತಮ್ಮ ಗೀಚುಕಾಗದಗಳನ್ನೆಲ್ಲ ಹಂಡೆ ಒಲೆಗೆ ಹಾಕಿಬಿಡುತ್ತಿದ್ದರು. ಬೇಡ ಸಾರ್ ಅಂದರೆ, "ನಿನ್ನ ಕೈಲಿದ್ರೆ ಬ್ಯಾಂಕಲ್ಲಿದ್ದಂಗೆ" ಅನ್ನುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಉಬ್ಬುತ್ತಿದ್ದೆ ಅಂತ ಈಗ ನೆನೆಸಿಕೊಂಡರೆ...

ಅದೇ ಕಾಲದಲ್ಲಿ ಅಪ್ಪ ಹಾಸಿಗೆ ಹಿಡಿದರು. ಹೊಲಗಳೆಲ್ಲ ಬಡಾವಣೆಗೆ ಹೋಗಿ, ಉಳಿದಿದ್ದು ಮನೆ ಮತ್ತು ಅದರ ಹಿಂದಿನ ಕೊಟ್ಟಿಗೆ ಜಾಗ. ಒಂದು ಸಂಜೆ ಅಪ್ಪ ಅಣ್ಣನನ್ನೂ ನನ್ನನ್ನೂ ಕೂರಿಸಿಕೊಂಡು, "ಕೊಟ್ಟಿಗೆ ಜಾಗ ಮಗಳದು ಕಣೋ. ಅವಳು ಯಾವತ್ತೂ ಇನ್ನೊಬ್ಬರ ಬಾಗ್ಲು ಕಾಯ್ಬಾರ್ದು" ಅಂದರು. ಪೇಪರು ಓದಲು ಬಂದಿದ್ದ ಮೇಷ್ಟ್ರು, "ನಾನೇ ಸಾಕ್ಷಿ ಯಜಮಾನ್ರೇ" ಅಂದರು. ನಾವಾಗ ಹೂಟಗಳ್ಳಿಯಲ್ಲಿ ಒಂದೂವರೆ ಕೋಣೆಯ ಮನೆಯಲ್ಲಿದ್ದೆವು. ಹೊಲಿಗೆ ಮಿಷನ್ನು ಹಾಕಲು ಜಾಗವಿಲ್ಲದೆ ಅದನ್ನು ಮಂಚದ ಮೇಲೆ ಏರಿಸಿದ್ದೆ. ಆ ಕೊಟ್ಟಿಗೆಯಲ್ಲಿ ನಾಲ್ಕು ಮಿಷನ್ನು ಇಟ್ಟು, ಹೊಲಿಗೆ ಕಲಿಸುವ ಒಂದು ಕೋಣೆ ಕಟ್ಟಬೇಕೆಂದು ಅವತ್ತೇ ಮನಸ್ಸಿನಲ್ಲಿ ಕಿಟಕಿ ಸಮೇತ ಕಟ್ಟಿಬಿಟ್ಟೆ.

ಅಪ್ಪ ತೀರಿಕೊಂಡ ಮೂರನೇ ತಿಂಗಳು ಒಂದು ಗುರುವಾರ ಹೋದಾಗ ಅಣ್ಣ, ಅತ್ತಿಗೆ ಸಿದ್ಧರಾಗಿ ಕೂತಿದ್ದರು. ಅತ್ತಿಗೆ ಅರಿಶಿನ ಕುಂಕುಮ ಕೊಟ್ಟು, ದೇವರಾಜ ಮೊಹಲ್ಲಾದಿಂದ ತಂದ ಹಸಿರು ರೇಷ್ಮೆ ಸೀರೆ ಮಡಿಲಿಗಿಟ್ಟರು. ಮೇಷ್ಟ್ರೂ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. "ಖಾತೆ ಬದಲಾಯಿಸೋಕೆ ಒಂದು ಸೈನು ಬೇಕಂತೆ, ಬಾಮ್ಮ, ನಾನೂ ಬರ್ತೀನಿ" ಅಂದರು. ನೋಂದಣಿ ಕಚೇರಿಯ ಬೆಂಚಿನ ಮೇಲೆ ನಾಲ್ಕು ಪುಟ ನನ್ನ ಮುಂದೆ ಬಂದವು.

"ಓದ್ಕೊಳ್ಳಲಾ ಸಾರ್?"

"ನಾನ್ ಓದಿದೀನಿ ಕಣಮ್ಮ. ನಾನ್ ಓದಿದ್ರೂ ಒಂದೇ, ನೀನ್ ಓದಿದ್ರೂ ಒಂದೇ."

ಮೂರು ವರ್ಷ ಅವರ ಕೋಳಿಕಾಲಿನ ಅಕ್ಷರದಲ್ಲಿ ಒಂದು ಕೊಂಬು ತಪ್ಪಿದ್ದರೂ ಕೇಳಿ ಸರಿಮಾಡಿಕೊಂಡವಳು ನಾನು. ಆ ನಾಲ್ಕು ಪುಟದ ಒಂದು ಸಾಲೂ ಓದದೆ ದುಂಡಗೆ ಸಹಿ ಮಾಡಿದೆ. ಹೆಬ್ಬೆಟ್ಟೂ ಒತ್ತಿದೆ.

ಮುಂದೆ ಎರಡು ವಾರ ಬಿಟ್ಟು ಹೋದರೆ ಕೊಟ್ಟಿಗೆಯ ಗೋಡೆ ಒಡೆಯುತ್ತಿದ್ದರು.

"ಏನಣ್ಣ ಇದು?"

"ಬಾಡಿಗೆ ಮನೆ ಕಟ್ತಾ ಇದೀನಿ. ಯಾಕೆ, ನೀನೇ ಹಕ್ಕು ಬಿಟ್ಟು ಸೈನ್ ಹಾಕಿದೀಯಲ್ಲ."

"ಅದು ಖಾತೆಗೆ ಅಂತ..."

"ನಂಗೇನ್ ಗೊತ್ತಿತ್ತು ಈ ಕಾನೂನೆಲ್ಲ? ಮೇಷ್ಟ್ರೇ ಹೇಳಿದ್ದು. ಯಾವ್ದೋ ದೇಶದಲ್ಲಿ ಮಗಳನ್ನ ಕೇಳ್ದೆ ಬುಟ್ಬುಟ್ರಂತೆ, ಆಮೇಲೆ ಅವಳು ಗಿರಣಿ ಬಾಗ್ಲಲ್ಲಿ ಕೂತ್ಕೊಂಡ್ಬುಟ್ಳಂತೆ. ಮೊದ್ಲೇ ಒಂದು ಸೀರೆ ಕೊಟ್ಟು ಒಪ್ಪಿಗೆ ಬರೆಸ್ಕೊಂಬುಡು, ತಕರಾರೇ ಇರಲ್ಲ ಅಂದ್ರು."

ನನ್ನ ಕೈಯಲ್ಲಿ ಬರೆದ ಕಥೆ. ನಾನು ಪುಟ ಮಗುಚುವ ಮೊದಲೇ ಅವಳು ಗೆಲ್ಲಲಿ ಎಂದು ಬೇಡಿಕೊಂಡಿದ್ದ ಕಥೆ. ಅದರಿಂದ ಮೇಷ್ಟ್ರು ಕಲಿತದ್ದು ಇದು.

ಮೇಷ್ಟ್ರ ಬಾಗಿಲಿಗೆ ಹೋದೆ. ಕುರ್ಚಿಯಲ್ಲಿ ಕೂತಿದ್ದರು, ಎಲ್ಲವೂ ಕೇಳಿಸಿರಬೇಕು. ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು.

"ಜಾಗ ಏನಮ್ಮ, ಇವತ್ತಿರುತ್ತೆ... ತವರು ಉಳಿಸ್ಕೋ."

"ಅಪ್ಪ ಹೇಳ್ದಾಗ ನಾನೇ ಸಾಕ್ಷಿ ಅಂದಿದ್ರಿ ಸಾರ್."

ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. "ನಿಮ್ಮಣ್ಣನ ಮನೇಲಿ ಬಾಡಿಗೆಗಿರೋನು ಕಣಮ್ಮ ನಾನು. ಈ ವಯಸ್ಸಲ್ಲಿ ಸಾಮಾನು ಎತ್ಕೊಂಡು ಎಲ್ಲಿಗ್ ಹೋಗ್ಲಿ?"

ನಾನು ಹೊಸ್ತಿಲ ಮೇಲೆ ಕೂರಲಿಲ್ಲ. ಸಿಟಿ ಬಸ್ಸು ಹತ್ತಿ ಮನೆಗೆ ಬಂದು ಅನ್ನಕ್ಕಿಟ್ಟೆ.

ಮೊದಲಿನವೆಲ್ಲ ಮೇಷ್ಟ್ರ ಹತ್ತಿರವಿದ್ದವು, ಕೊನೆಯ ನೋಟ್‌ಬುಕ್ಕು ಮಾತ್ರ ನನ್ನ ಹತ್ತಿರವೇ ಉಳಿದಿತ್ತು. ಅವರು ಎರಡು ಸಲ ಹೇಳಿ ಕಳಿಸಿದರು, ನಾನು ಉತ್ತರ ಕೊಡಲಿಲ್ಲ. ವರ್ಷದ ಮೇಲೆ ಒಂದು ಬೆಳಿಗ್ಗೆ ಅವರೇ ಕೋಲೂರಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ನನ್ನ ಕಡೆ ನೋಡುತ್ತಿದ್ದರೂ ಕಂಬದ ಕಡೆ ಮಾತಾಡಿದರು. ಎರವಲು ತಂದ ಪುಸ್ತಕಗಳನ್ನು ಸ್ನೇಹಿತರ ಮನೆಯವರು ವಾಪಸು ಒಯ್ದಿದ್ದರಂತೆ. ಅಚ್ಚು ಹಾಕುವವರು ಸಿಕ್ಕಿದ್ದಾರಂತೆ.

"ಆ ಕೊನೇ ಪುಸ್ತಕ ಇದ್ಯೇನಮ್ಮ?"

"ಇಲ್ಲ ಸಾರ್. ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು."

ನಾವು ಮನೆ ಬದಲಾಯಿಸಿರಲೇ ಇಲ್ಲ. ಅದೇ ಗೇಟು, ಅದೇ ಮನೆ. ಅದು ಅವರಿಗೆ ಗೊತ್ತಿತ್ತು. ಒಂದು ಲೋಟ ನೀರು ಕೇಳಿ ಕುಡಿದರು. "ಹೋಗ್ಲಿ ಬುಡು" ಅಂದು, ಕೋಲಿನಿಂದ ದಾರಿ ತಡಕುತ್ತ ಹೋದರು. ಪುಸ್ತಕ ಬರಲಿಲ್ಲ. ಮಾರನೇ ವರ್ಷ ಅವರೂ ಹೋದರು. ಸುದ್ದಿ ತಿಳಿದದ್ದು ಹದಿನೈದು ದಿನದ ಮೇಲೆ, ಅಣ್ಣ ಗೌರಿ ಹಬ್ಬದ ಬಾಗಿನ ತಂದಾಗ. ಬಾಗಿನವನ್ನು ಅವನು ಒಂದು ವರ್ಷವೂ ತಪ್ಪಿಸಿಲ್ಲ.

ಕೊಟ್ಟಿಗೆ ಜಾಗದ ನೋವು ಈಗ ಹೆಚ್ಚು ಕಮ್ಮಿ ಒಣಗಿದೆ. ಒಣಗದೇ ಇರುವುದು ಬೇರೆ. ಬರೆಯುವಾಗ ಮೇಷ್ಟ್ರು ಪೆನ್ನು ತಡೆದು, "ಮುಂದೇನ್ ಮಾಡಿರ್ತಾಳೆ, ನೀನ್ ಹೇಳು ನೋಡಣ" ಅನ್ನುತ್ತಿದ್ದರು. ನಾನು ಹೇಳಿದ್ದನ್ನು ತಲೆ ವಾರೆ ಮಾಡಿ ಕೇಳುತ್ತಿದ್ದರು. ಅವರಿಗಿಂತ ಮೊದಲು ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಆಮೇಲೂ...

ಸಂಜೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ನೋಟ್‌ಬುಕ್ಕಿನ ವಿಷಯ ಇಷ್ಟು ವರ್ಷ ಅವರಿಗೂ ಹೇಳಿರಲಿಲ್ಲ.

"ಕೊಟ್ಬುಡ್ಬೇಕಿತ್ತು ಕಣೇ. ಪಾಪ, ಮುದುಕ."

"ಹೌದು" ಅಂದೆ. "ನಂದೂ ಅವರು ಕೊಟ್ಬುಡ್ಬೇಕಿತ್ತು."

ತಟ್ಟೆ ಹಾಕಿದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಒಂದು ಈರುಳ್ಳಿ. ನಮ್ಮವರು ಎರಡು ಮುದ್ದೆ ಉಂಡರು. ನನ್ನದು ಅರ್ಧ ತಟ್ಟೆಯಲ್ಲೇ ಉಳಿಯಿತು. ನಮ್ಮವರೇ ಮೊದಲು ಮಲಗಿದರು.